ಲೈಟ್ ನೋಡಲು ತೆಗೆದ ಫೋಟೋಗಳು

ಇಪ್ಪತ್ತಮೂರು ವರ್ಷಗಳಿಂದ ನಾನು ದಿನಕ್ಕೆ ಏನಿಲ್ಲವೆಂದರೂ ಮೂವತ್ತು ಸಲ ಆಡಿರುವ ಮಾತು ಒಂದೇ: "ಬಾಯಿ ಮುಚ್ಚಿ." ಬೇರೆ ಕಸುಬಿನವನು ಹೀಗೆ ಬಂದವರಿಗೆಲ್ಲ ಹೇಳಿದ್ದರೆ ಹಲ್ಲು ಉದುರಿಸಿಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ನನ್ನದು ಫೋಟೋ ಸ್ಟುಡಿಯೋ. ಹಾಗಾಗಿ ವಕೀಲರಾಗಲಿ, ಪೊಲೀಸ್ ಇನ್ಸ್‌ಪೆಕ್ಟರ್ ಆಗಲಿ, ಸ್ಟೂಲಿನ ಮೇಲೆ ಕೂತ ಮೇಲೆ ಮರುಮಾತಿಲ್ಲದೆ ಬಾಯಿ ಮುಚ್ಚುತ್ತಾರೆ. "ಗದ್ದ ಸ್ವಲ್ಪ ಕೆಳಗೆ, ಭುಜ ಸಡಿಲ ಬಿಡಿ, ಬಾಯಿ ಮುಚ್ಚಿ, ರೆಡಿ." ಈ ಮಂತ್ರ ಹೇಳುವಾಗ ನನಗಿದ್ದ ಗತ್ತು ಅಷ್ಟಿಷ್ಟಲ್ಲ.

ಕುಮಾರಸ್ವಾಮಿ ಲೇಔಟಿನಲ್ಲಿ ಬಸ್ ಸ್ಟಾಪಿನ ಎದುರು, ಬೇಕರಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಇರುವುದು ನನ್ನ 'ಮೈತ್ರಿ ಡಿಜಿಟಲ್ ಸ್ಟುಡಿಯೋ'. ಮೈತ್ರಿ ನನ್ನ ಒಬ್ಬಳೇ ಮಗಳು. ಅವಳು ಹುಟ್ಟಿದ ವರ್ಷವೇ ಅಂಗಡಿಯ ಹಳೇ ಹೆಸರು ಕಿತ್ತುಹಾಕಿ ಅವಳ ಹೆಸರಿಟ್ಟೆ. ಪ್ರತಿ ಹುಟ್ಟುಹಬ್ಬದ ಬೆಳಿಗ್ಗೆ ತಲೆಗೆ ಸ್ನಾನ ಮಾಡಿಸಿ, ಹೊಸ ಬಟ್ಟೆ ಹಾಕಿಸಿ, ದೇವಸ್ಥಾನಕ್ಕೂ ಮೊದಲು ಅವಳನ್ನು ಸ್ಟುಡಿಯೋಗೆ ಕರೆತರುವುದು ನಮ್ಮ ಮನೆಯ ಪದ್ಧತಿ. ಅದೇ ಸ್ಟೂಲು, ಅದೇ ನೀಲಿ ಪರದೆ, ಎಡಗಡೆ ಅದೇ ಕೊಡೆ ಹಾಕಿದ ಲೈಟು. ದೊಡ್ಡ ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿ, ಅಂಗಡಿಯ ಬಲಗೋಡೆಗೆ ನೇತುಹಾಕುವೆ. ಒಂದನೇ ವರ್ಷದ್ದರಿಂದ ಹದಿನೇಳನೆಯದರವರೆಗೆ ಸಾಲಾಗಿ ಹದಿನೇಳು ಮೈತ್ರಿಯರು. ಪಾಸ್‌ಪೋರ್ಟ್ ಫೋಟೋಗೆ ಬಂದ ಹೆಂಗಸರು ಕಾಯುತ್ತಾ ಕೂತಲ್ಲೇ ಕತ್ತೆತ್ತಿ ನೋಡಿ, "ಎಷ್ಟು ಲಕ್ಷಣವಾಗಿದಾಳೆ ಹುಡುಗಿ!" ಎನ್ನುವರು. ನಾನು ಕಂಪ್ಯೂಟರಿನಿಂದ ತಲೆ ಎತ್ತುತ್ತಿರಲಿಲ್ಲ, ಆದರೆ ಕಿವಿಯೆಲ್ಲ ಅಲ್ಲೇ ಇರುತ್ತಿತ್ತು.

ಆ ಗೋಡೆಯ ಬಗ್ಗೆ ಹೇಳುವುದಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಮೊದಲ ಐದು ಫೋಟೋಗಳು ನಿಜವಾದವು. ಆರನೇ ಹುಟ್ಟುಹಬ್ಬದ ದಿನ ಮೈತ್ರಿಯ ತುಟಿಗಳು ಒಂದಕ್ಕೊಂದು ಸೇರಲೇ ಇಲ್ಲ. "ಬಾಯಿ ಮುಚ್ಚು ಪುಟ್ಟಿ" ಎಂದೆ. ಮುಚ್ಚಿದಳು. ನಾನು ಬಟನ್ ಒತ್ತುವಷ್ಟರಲ್ಲಿ ಮತ್ತೆ ತೆರೆದುಕೊಂಡಿತು. ಗದರಿದೆ. ತುಟಿ ಬಿಗಿಹಿಡಿದು ಕೂತಳು. ಗದ್ದದ ಮೇಲೆ ನಿಂಬೆಹಣ್ಣಿನ ಸಿಪ್ಪೆಯಂತೆ ಸಣ್ಣ ಗುಳಿಗಳೆದ್ದವು. ಉಸಿರು ಕಟ್ಟಿ ಕಣ್ಣಲ್ಲಿ ನೀರು ಬಂತು. ಆ ಫೋಟೋ ತೆಗೆದುಕೊಂಡು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೂತು ಗುಳಿಗಳನ್ನು ಒರೆಸಿದೆ, ತುಟಿಯ ಬಿಗಿ ಸಡಿಲಿಸಿದೆ. ಟಚಪ್ ನನ್ನ ಕಸುಬಿನ ಭಾಗ. ಸಿಂಬಳ ಸುರಿಸುವ ಮಗುವಿನ ಮೂಗು ಒರೆಸಿ ಫೋಟೋ ತೆಗೆದರೆ ಯಾರಾದರೂ ಅದನ್ನು ಮೋಸ ಎನ್ನುತ್ತಾರೆಯೇ? ನಾನು ಮಾಡಿದ್ದೂ ಅಷ್ಟೇ ಎಂದುಕೊಂಡಿದ್ದೆ.

ಮರುವರ್ಷ ಮೇಲಿನ ಹಲ್ಲುಗಳು ತುಟಿಯಿಂದ ಇಣುಕಿದವು. ಅವನ್ನು ಒಳಗೆ ಕಳಿಸಿದೆ. ಹತ್ತನೇ ವರ್ಷಕ್ಕೆ ಮುಖ ಉದ್ದವಾದಂತೆ ಕಂಡಿತು. ಮೌಸ್ ಹಿಡಿದು ಎರಡು ಕೂದಲೆಳೆಯಷ್ಟು ಗಿಡ್ಡ ಮಾಡಿದೆ. ಹದಿಮೂರಕ್ಕೆ ಗದ್ದ ಕುತ್ತಿಗೆಯೊಳಗೆ ಕರಗತೊಡಗಿತ್ತು. ತಿದ್ದಿ ದುಂಡಗೆ ಮಾಡಿದೆ. ಪ್ರತಿ ಸಲ ಹಿಂದಿನ ವರ್ಷದ ಪ್ರಿಂಟನ್ನು ಪಕ್ಕಕ್ಕಿಟ್ಟುಕೊಂಡು, ಅದಕ್ಕೆ ಹೊಂದುವಂತೆ ಈ ವರ್ಷದ್ದನ್ನು ತಿದ್ದುವೆ. ಅಂದರೆ ನನ್ನ ಮಗಳ ಮುಖವನ್ನು ನಾನು ಹೋಲಿಸಿ ನೋಡುತ್ತಿದ್ದದ್ದು ನಾನೇ ಮಾಡಿಟ್ಟ ಮುಖಕ್ಕೆ. ಮನೆಯಲ್ಲಿ ಒಂದು ಮಗು ಬೆಳೆಯಿತು, ಗೋಡೆಯ ಮೇಲೆ ಬೇರೆ ಒಂದು ಮಗು ಬೆಳೆಯಿತು. ನಾನು ಗೋಡೆಯ ಮಗುವನ್ನು ನೋಡಿಕೊಂಡು ಸುಖವಾಗಿದ್ದೆ.

ಯಾರೂ ಎಚ್ಚರಿಸಲಿಲ್ಲ ಎನ್ನುವಂತಿಲ್ಲ. ಮೈತ್ರಿ ಎರಡನೇ ಕ್ಲಾಸಿನಲ್ಲಿದ್ದಾಗ ಅವಳ ಟೀಚರ್ ಶರಣಮ್ಮ ಎಂಬುವರು ಡೈರಿಯಲ್ಲಿ ಬರೆದು ಕಳಿಸಿದರು: 'ಮಗು ಸದಾ ಬಾಯಿ ತೆರೆದೇ ಇರುತ್ತಾಳೆ. ಮಧ್ಯಾಹ್ನ ತೂಕಡಿಸುತ್ತಾಳೆ. ದಯವಿಟ್ಟು ಮೂಗಿನ ಡಾಕ್ಟರಿಗೆ ತೋರಿಸಿ.' ನನ್ನ ಹೆಂಡತಿ ಲತಾಮಣಿ ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದಳು. ಸ್ಕೂಲುಗಳ ಐಡಿ ಕಾರ್ಡ್ ಕೆಲಸದ ಭರಾಟೆ, ನಾನು ಏಳಲಿಲ್ಲ. ಅವಳೇ ಮಗುವನ್ನು ಜಯನಗರದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿ ನೇರ ಅಂಗಡಿಗೇ ಬಂದಳು.

"ಮೂಗಿನ ಹಿಂದೆ ಅಡಿನಾಯ್ಡ್ ಅಂತ ಗಂಟು ಬೆಳೆದಿದ್ಯಂತೆ ರೀ. ಉಸಿರು ಹೋಗೋ ದಾರೀನೇ ಮುಚ್ಚಿಬಿಟ್ಟಿದೆ. ಅದಕ್ಕೇ ಬಾಯಲ್ಲಿ ಉಸಿರಾಡ್ತಾಳೆ. ಹೀಗೇ ಬಿಟ್ರೆ ದವಡೆ ಬೆಳೆಯೋದೇ ಬದಲಾಗತ್ತಂತೆ. ಚಿಕ್ಕ ಆಪರೇಷನ್ ಅಂದ್ರು. ಇಬ್ರೂ ಬನ್ನಿ ಅಂದಿದಾರೆ."

ಆಪರೇಷನ್ ಎಂಬ ಮಾತು ಕೇಳಿದ್ದೇ ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಅದು ಭಯ. ಏಳು ವರ್ಷದ ಮಗುವಿಗೆ ಮತ್ತು ಕೊಟ್ಟು ಮಲಗಿಸುವುದನ್ನು ನೆನೆಯಲೂ ನನ್ನಿಂದ ಆಗುತ್ತಿರಲಿಲ್ಲ. ಆದರೆ ನನಗೆ ಭಯವಾದಾಗೆಲ್ಲ ಬಾಯಿ ಜೋರಾಗುತ್ತದೆ.

"ಮೂಗು ಕಟ್ಟಿದ್ರೆ ಆವಿ ಹಿಡಿಸು. ಅಷ್ಟಕ್ಕೆಲ್ಲ ಕತ್ತರಿ ಆಡಿಸ್ತಾರಂತೆ! ದವಡೆಗೂ ಮೂಗಿಗೂ ಏನು ಸಂಬಂಧ?"

ಅಲ್ಲೇ ಕೂತಿದ್ದ ನಮ್ಮಮ್ಮ ಪಾರ್ವತಮ್ಮ ನನ್ನ ಬೆಂಬಲಕ್ಕೆ ನಿಂತಳು. "ನಿಮ್ಮಪ್ಪಾನೂ ಹಿಂಗೇ ಬಾಯಿ ಬಿಟ್ಕೊಂಡೇ ಮಲಗ್ತಿದ್ರು. ಏನಾಗಿತ್ತು ಅವ್ರಿಗೆ? ದೊಡ್ಡೋಳಾದ್ಮೇಲೆ ಸರಿಹೋಗ್ತದೆ ಬಿಡೇ ಲತಾ."

ಲತಾ ಬಿಡಲಿಲ್ಲ. ಆಗ ನಾನು ಎದ್ದು ಗೋಡೆಯಿಂದ ಏಳನೇ ವರ್ಷದ ಫ್ರೇಮನ್ನು ಕಿತ್ತು ತಂದು ಅವಳ ಕೈಯಲ್ಲಿಟ್ಟೆ. "ನೋಡು. ಎಲ್ಲಿದೆ ತೆರೆದ ಬಾಯಿ? ಕಣ್ಣಿಗೆ ಕಾಣೋದನ್ನ ನಂಬ್ತೀಯೋ, ಡೈರೀಲಿ ಬರೆದಿದ್ದನ್ನ ನಂಬ್ತೀಯೋ?"

ಆ ಫೋಟೋವನ್ನು ನಾಲ್ಕು ದಿನಗಳ ಹಿಂದೆ ಈ ಕೈಯಿಂದಲೇ ತಿದ್ದಿದ್ದೆ. ಅದನ್ನೇ ಸಾಕ್ಷಿಯಾಗಿ ತಂದಿಟ್ಟೆ. ಆಶ್ಚರ್ಯವೆಂದರೆ, ಸುಳ್ಳು ಹೇಳುತ್ತಿದ್ದೇನೆ ಎಂದು ಆ ಕ್ಷಣ ನನಗೆ ಅನಿಸಲೇ ಇಲ್ಲ. ಲತಾ ಫೋಟೋವನ್ನು ಸ್ವಲ್ಪ ಹೊತ್ತು ನೋಡಿ, "ಫೋಟೋದಲ್ಲಿ ಮುಚ್ಚಿದೆ ರೀ" ಎಂದಷ್ಟೇ ಹೇಳಿ ಮನೆಗೆ ಹೋದಳು. ಆಮೇಲೆ ಒಂದೆರಡು ಸಲ ಮಾತೆತ್ತಿದಳು, ನಾನು ಹಾರಾಡಿದೆ, ಅವಳು ಸುಮ್ಮನಾದಳು. ಆ ಡಾಕ್ಟರ ಹತ್ತಿರ ನಾವು ಮತ್ತೆ ಹೋಗಲಿಲ್ಲ.

ಮೈತ್ರಿ ಬೆಳೆದಳು. ಕ್ಯಾಮೆರಾ ಕಂಡರೆ ಸಾಕು, ನಾನು ಹೇಳುವ ಮೊದಲೇ ತುಟಿ ಬಿಗಿದುಕೊಳ್ಳುವಳು. ಮದುವೆಮನೆಗಳಲ್ಲಿ ಯಾರಾದರೂ ಫೋನ್ ಎತ್ತಿದರೂ ಹಾಗೆಯೇ. ಸ್ಕೂಲಿನ ಗ್ರೂಪ್ ಫೋಟೋ ತೆಗೆಯುತ್ತಿದ್ದವನೂ ನಾನೇ, ತಿದ್ದುತ್ತಿದ್ದವನೂ ನಾನೇ. ದೋಸೆಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಲಾಗದೆ ಚೂರು ಮಾಡಿ ಪಕ್ಕದ ಹಲ್ಲಿಗೆ ಹಾಕಿಕೊಳ್ಳುತ್ತಿದ್ದಳು. ಅದೂ ಅವಳ ಒಂದು ರೂಢಿ ಎಂದುಕೊಂಡೆವು.

ಕಳೆದ ವರ್ಷ ಬನಶಂಕರಿಯ ಒಂದು ಕಾಲೇಜಿಗೆ ಬಿ.ಕಾಂ. ಸೇರಿದಳು. ಅಲ್ಲಿ ಐಡಿ ಕಾರ್ಡಿಗೆ ಮನೆಯಿಂದ ಫೋಟೋ ತರುವಂತಿಲ್ಲ. ಸಾಲಾಗಿ ನಿಲ್ಲಿಸಿ, ಕಂಪ್ಯೂಟರಿಗೆ ಸಿಕ್ಕಿಸಿದ ಪುಟ್ಟ ಕ್ಯಾಮೆರಾದಲ್ಲಿ ಕ್ಲರ್ಕೇ ತೆಗೆಯುತ್ತಾನೆ. ರೆಡಿ ಎನ್ನುವ ಪಾಪವನ್ನೂ ಅವನು ಕಟ್ಟಿಕೊಳ್ಳುವುದಿಲ್ಲ. ಕಾರ್ಡ್ ಕೈಗೆ ಬಂದ ಸಂಜೆ ಮೈತ್ರಿ ನೇರವಾಗಿ ಅಂಗಡಿಗೆ ಬಂದು, ಅದನ್ನು ಕೌಂಟರಿನ ಮೇಲೆ ಮಗುಚಿಟ್ಟಳು.

"ಅಪ್ಪ, ನನ್ನ ಮುಖಕ್ಕೆ ಏನಾಗಿದೆ?"

ಕಾರ್ಡ್ ತಿರುಗಿಸಿ ನೋಡಿದೆ. ತೆರೆದ ಬಾಯಿ, ಉದ್ದನೆ ಮುಖ, ಕಣ್ಣ ಕೆಳಗೆ ಕಪ್ಪು, ಹಿಂದಕ್ಕೆ ಸರಿದ ಗದ್ದ. "ಕಚಡಾ ಕ್ಯಾಮೆರಾ" ಎಂದೆ. "ಕೊಡಿಲ್ಲಿ, ನಾನು ಬೇರೆ ಮಾಡಿಕೊಡ್ತೀನಿ."

"ಕ್ಯಾಮೆರಾ ಅಲ್ಲಪ್ಪ. ಎಲ್ರದ್ದೂ ಸರಿಯಾಗೇ ಬಂದಿದೆ." ಅವಳು ಗೋಡೆಯ ಕಡೆ ತಿರುಗಿದಳು. "ಅಲ್ಲಿ ನೋಡು, ಹೋದ ವರ್ಷ ಕೂಡ ಹೆಂಗಿದ್ದೆ. ಆಮೇಲೇ ಏನೋ ಆಗಿದೆ. ಕನ್ನಡೀಲಿ ಕಾಣ್ತಿತ್ತು ನನಗೆ, ಹೇಳಿರಲಿಲ್ಲ ಅಷ್ಟೆ."

ಆಗಲಾದರೂ ನನ್ನ ನಾಲಿಗೆ ಹೊರಳಬೇಕಿತ್ತು. ಹೊರಳಲಿಲ್ಲ.

ಈ ಸಲ ಲತಾ ನನ್ನನ್ನು ಕೇಳಲಿಲ್ಲ, ಹೊರಡಿಸಿದಳು. ಜಯನಗರದಲ್ಲಿ ದವಡೆ ತಜ್ಞರು ಡಾಕ್ಟರ್ ಜಯಸಿಂಹ ಎಂಬುವರಿದ್ದಾರೆ. ಸಣ್ಣ ದನಿಯ, ಆತುರವಿಲ್ಲದ ಮನುಷ್ಯ. ಮೈತ್ರಿಯನ್ನು ಕುರ್ಚಿಯಲ್ಲಿ ಒರಗಿಸಿ, ಬಾಯಿ ತೆರೆಸಿ, ಕಚ್ಚಿಸಿ, ಪಕ್ಕದಿಂದ ನೋಡಿ, ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ನೋಡಿದರು. ಮೇಲಿನ ದವಡೆ ಇಕ್ಕಟ್ಟಾಗಿದೆ, ಕೆಳಗಿನದು ಹಿಂದೆ ಉಳಿದಿದೆ, ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ ಎಂದರು. ಆಮೇಲೆ ಕೇಳಿದರು, "ಚಿಕ್ಕವರಿದ್ದಾಗ ಬಾಯಲ್ಲಿ ಉಸಿರಾಡ್ತಿದ್ರಾ?"

ಲತಾ "ಹೌದು ಸಾರ್" ಎನ್ನುವುದೂ ನಾನು "ಹಾಗೇನಿಲ್ಲ ಸಾರ್" ಎನ್ನುವುದೂ ಒಟ್ಟಿಗೇ ಆಯಿತು.

ಹಳೇ ಫೋಟೋ ಇದೆಯೇ ಎಂದರು ಡಾಕ್ಟರು. ಇದೆಯೇ! ನನ್ನನ್ನೇ ಕೇಳುತ್ತಾರೆ! ಹದಿನೇಳು ವರ್ಷದ ಫೋಟೋಗಳೂ ನನ್ನ ಫೋನಿನಲ್ಲಿದ್ದವು. ಹೆಮ್ಮೆಯಿಂದಲೇ ಕೊಟ್ಟೆ, ಹೆಮ್ಮೆ ಎಂಥ ಹೊತ್ತಿನಲ್ಲೂ ತಲೆ ಹಾಕುತ್ತದೆ. ಅವರು ಒಂದೊಂದಾಗಿ ಸರಿಸಿದರು. ಸರಿಸುತ್ತಾ ಹೋದಂತೆ ಅವರ ಹುಬ್ಬು ಗಂಟಿಕ್ಕಿತು.

"ಇದು ವಿಚಿತ್ರವಾಗಿದೆ. ಹದಿನೇಳನೇ ವರ್ಷದವರೆಗೂ ಮುಖ ಸರಿಯಾಗಿ ಬೆಳೆದಿದೆ. ಈ ಫೋಟೋಗಳ ಪ್ರಕಾರ ಎಲ್ಲಾ ಆಗಿರೋದು ಕಳೆದ ಕೆಲವೇ ತಿಂಗಳಲ್ಲಿ." ಅವರು ಕನ್ನಡಕ ತೆಗೆದಿಟ್ಟರು. "ಹಾಗಿದ್ರೆ ಇದು ಬಾಯಲ್ಲಿ ಉಸಿರಾಡಿದ್ರಿಂದ ಬಂದಿದ್ದಲ್ಲ. ಅದಾಗೋದು ನಿಧಾನಕ್ಕೆ, ಬೆಳೆಯೋ ವಯಸ್ಸಲ್ಲಿ. ಇಷ್ಟು ಬೇಗ ಆಗಿದ್ರೆ ದವಡೆ ಕೀಲಿನ ಮೂಳೆ ಸವೀತಿರಬಹುದು. ಬೇರೆ ಸ್ಕ್ಯಾನ್ ಮಾಡಿಸ್ಬೇಕು. ಸವೆತ ನಿಲ್ಲೋವರೆಗೂ ನಾವು ಕೈ ಹಾಕೋ ಹಾಗಿಲ್ಲ."

"ಅಂದ್ರೆ ಇನ್ನೂ ಜಾಸ್ತಿ ಆಗತ್ತಾ ಡಾಕ್ಟ್ರೇ?" ಎಂದಳು ಮೈತ್ರಿ. ಕೈ ತಾನಾಗಿ ಗದ್ದಕ್ಕೆ ಹೋಗಿತ್ತು.

"ಈಗಲೇ ಹೇಳೋಕಾಗಲ್ಲಮ್ಮ." ಡಾಕ್ಟರು ಸ್ಕ್ಯಾನಿಗೆ ಚೀಟಿ ಬರೆಯತೊಡಗಿದರು.

ಲತಾ ನನ್ನನ್ನು ನೋಡಿದಳು. ಹನ್ನೊಂದು ವರ್ಷದ ಹಿಂದೆ ಆ ಫ್ರೇಮನ್ನು ಕೈಯಲ್ಲಿ ಹಿಡಿದು ನೋಡಿದ್ದ ಅದೇ ನೋಟ. "ನೀವು ಹೇಳ್ತೀರೋ, ನಾನು ಹೇಳ್ಲೋ?"

ಪೆನ್ನು ನಿಂತಿತು. ನಾನು ಡಾಕ್ಟರ ಮೇಜಿನ ಅಂಚನ್ನು ನೋಡುತ್ತಾ ಹೇಳಿದೆ. "ಸಾರ್, ಆ ಫೋಟೋ ಸರಿಯಿಲ್ಲ. ನಾನೇ ತಿದ್ದಿದೀನಿ. ಆರನೇ ವರ್ಷದಿಂದ. ಗದ್ದ, ತುಟಿ, ಹಲ್ಲು, ಮುಖದ ಉದ್ದ, ಎಲ್ಲಾ. ಅವಳು ಮೊದಲಿಂದ್ಲೂ ಬಾಯಲ್ಲೇ ಉಸಿರಾಡೋದು. ಆಪರೇಷನ್ ಮಾಡಿಸಿ ಅಂತಾನೂ ಒಬ್ರು ಹೇಳಿದ್ರು. ನಾನು ಮಾಡಿಸ್ಲಿಲ್ಲ."

ಮೈತ್ರಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಕುರ್ಚಿಯ ಹಿಡಿಯ ಮೇಲಿದ್ದ ಅವಳ ಕೈ ಮಾತ್ರ ಕಾಣುತ್ತಿತ್ತು. ಅದು ಅಲುಗಲಿಲ್ಲ.

ಡಾಕ್ಟರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಚೀಟಿಯನ್ನು ಪಕ್ಕಕ್ಕೆ ಸರಿಸಿ, "ಈಗ ಹೇಳಿದ್ದು ಒಳ್ಳೇದಾಯ್ತು" ಎಂದರು. ಆಮೇಲೆ ನನಗಲ್ಲ, ಮೈತ್ರಿಗೆ ವಿವರಿಸಿದರು. ಮೂಗಲ್ಲಿ ಉಸಿರಾಡುವ ಮಗುವಿನ ಬಾಯಿ ಮುಚ್ಚಿರುತ್ತದೆ, ನಾಲಿಗೆ ಮೇಲಕ್ಕೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ಅದು ಒಳಗಿನಿಂದ ಒತ್ತಿ ಹಿಡಿದಿರುವುದರಿಂದಲೇ ಮೇಲ್ದವಡೆ ಅಗಲವಾಗಿ ಬೆಳೆಯುತ್ತದೆ. ಬಾಯಿ ತೆರೆದರೆ ನಾಲಿಗೆ ಕೆಳಗಿಳಿಯುತ್ತದೆ. ಕೆನ್ನೆಗಳು ಎರಡೂ ಕಡೆಯಿಂದ ಒತ್ತುತ್ತವೆ. ಅಂಗುಳ ಕಿರಿದಾಗುತ್ತದೆ, ಕೆಳದವಡೆ ಕೆಳಕ್ಕೂ ಹಿಂದಕ್ಕೂ ವಾಲಿಕೊಂಡು ಬೆಳೆಯುತ್ತದೆ. ಮೂಗಿನ ಹಿಂದಿನ ಗಂಟು ದೊಡ್ಡವಳಾಗುವ ಹೊತ್ತಿಗೆ ತಾನೇ ಚಿಕ್ಕದಾಗಿದೆ, ಎಕ್ಸ್‌ರೇಯಲ್ಲಿ ಈಗ ಏನೂ ಇಲ್ಲ. ಆದರೆ ಅಷ್ಟರಲ್ಲಿ ಮೂಳೆ ತನ್ನ ಆಕಾರ ಹಿಡಿದಾಗಿದೆ.

"ಏಳನೇ ವರ್ಷದಲ್ಲಿ ಬಂದಿದ್ರೆ ಸಾರ್?" ಎಂದೆ. ಕೇಳಬಾರದಿತ್ತು. ಕೇಳದೆ ಇರಲಾಗಲಿಲ್ಲ.

"ಮೂಗಿನ ದಾರಿ ಬಿಡಿಸಿ, ಅಂಗುಳ ಅಗಲ ಮಾಡೋ ಒಂದು ಪ್ಲೇಟ್ ಹಾಕಬಹುದಿತ್ತು. ಪೂರ್ತಿ ಸರಿಹೋಗ್ತಿತ್ತು ಅಂತ ನಾನು ಹೇಳಲ್ಲ. ಮನೆತನದಿಂದ ಬಂದದ್ದೂ ಇರತ್ತೆ, ಬಾಯಲ್ಲಿ ಉಸಿರಾಡೋ ಮಕ್ಕಳಿಗೆಲ್ಲ ಹೀಗಾಗಲ್ಲ. ಆದ್ರೆ ಮೂಳೆ ಕೊಯ್ದು ಕೂರಿಸೋ ಆಪರೇಷನ್‌ವರೆಗೆ ಬರ್ತಿರಲಿಲ್ಲವೇನೋ."

ಆ 'ಏನೋ' ಎಂಬುದನ್ನು ನಾನು ಇನ್ನು ಸಾಯುವವರೆಗೆ ಹೊತ್ತುಕೊಂಡಿರಬೇಕು. ಚಿಕ್ಕ ಆಪರೇಷನ್ನಿಗೆ ಹೆದರಿ ಮಗಳನ್ನು ದೊಡ್ಡ ಆಪರೇಷನ್ನಿನ ಬಾಗಿಲಿಗೆ ತಂದು ನಿಲ್ಲಿಸಿದ್ದೆ.

ಹೊರಡುವಾಗ ಡಾಕ್ಟರು, "ತಿದ್ದದೆ ಇರೋ ಒಂದಷ್ಟು ಫೋಟೋ ಸಿಗತ್ತಾ ನೋಡಿ. ಪಕ್ಕದಿಂದ ತೆಗೆದದ್ದಿದ್ರೆ ಇನ್ನೂ ಒಳ್ಳೇದು. ಎರಡು ಮೂರು ವರ್ಷದಿಂದ ಮುಖ ಹೀಗೇ ಇದೆ ಅಂತ ಗೊತ್ತಾದ್ರೆ ನಾನು ಧೈರ್ಯವಾಗಿ ಮುಂದುವರೀಬಹುದು. ಇಲ್ದಿದ್ರೆ ಸ್ಕ್ಯಾನು, ಆಮೇಲೊಂದು ವರ್ಷ ಕಾಯೋದು" ಎಂದರು. ಹಾಗೆಯೇ ಈಗಿನ ಮುಖದ ಎರಡು ಫೋಟೋ ಬೇಕು ಎಂದರು. "ನಿಮ್ಮ ಸ್ಟುಡಿಯೋದಲ್ಲೇ ತೆಗೀರಿ. ಎದುರಿಂದೊಂದು, ಪಕ್ಕದಿಂದೊಂದು. ತುಟಿ ಸಡಿಲವಾಗಿರ್ಬೇಕು. ಅವ್ರು ಸುಮ್ನೆ ಕೂತಾಗ ಹೇಗಿರ್ತಾರೋ ಹಾಗೆ."

ಆಟೋ ಇಳಿದು ಲತಾ ಮನೆಗೆ ಹೋದಳು. ಅಂಗಡಿಯ ಶಟರ್ ಎತ್ತಿದಾಗ ಮೈತ್ರಿ ನನ್ನ ಹಿಂದೆಯೇ ಒಳಗೆ ಬಂದಳು. ಲೈಟ್ ಹಾಕಿದೆ. ಹದಿನೇಳು ಮೈತ್ರಿಯರು ಬಾಯಿ ಮುಚ್ಚಿಕೊಂಡು ನಮ್ಮನ್ನು ನೋಡಿದರು.

"ನಾನು ಏನಂದ್ಕೊಂಡಿದ್ದೆ ಗೊತ್ತಾ ಅಪ್ಪ?" ಅವಳು ಅಳುತ್ತಿರಲಿಲ್ಲ. "ಚಿಕ್ಕೋಳಿದ್ದಾಗ ಚೆನ್ನಾಗಿದ್ದೆ, ಆಮೇಲೆ ನಾನೇ ಏನೋ ಮಾಡ್ಕೊಂಡು ಕೆಡಿಸ್ಕೊಂಡೆ ಅಂತ. ಬೋರಲು ಮಲಗಿದ್ರಿಂದ ಆಯ್ತಾ, ಬಗ್ಗಿ ಫೋನ್ ನೋಡಿದ್ರಿಂದ ಆಯ್ತಾ ಅಂತ ಯೂಟ್ಯೂಬಲ್ಲಿ ಹುಡುಕ್ತಿದ್ದೆ. ದಿನಾ ಇಲ್ಲಿ ಬಂದಾಗ ಇವಳನ್ನ ನೋಡಿ ಹೊಟ್ಟೆ ಉರ್ಕೊತಿದ್ದೆ. ಇವಳು ಇರಲೇ ಇಲ್ಲ."

"ಮಗಳೇ, ನೀನು ಚೆನ್ನಾಗಿ ಕಾಣ್ಲಿ ಅಂತ..."

"ನಾನು ಹೇಗಿದ್ದೆ ಅಂತ ನಿನಗೆ ನೆನಪಿದ್ಯಾ?"

ನೆನಪಿಸಿಕೊಳ್ಳಲು ನೋಡಿದೆ. ಎಂಟನೇ ವರ್ಷ, ಒಂಬತ್ತನೇ ವರ್ಷ. ಕಣ್ಣ ಮುಂದೆ ಬಂದದ್ದೆಲ್ಲ ಫ್ರೇಮ್ ಕಟ್ಟಿದ ಮುಖಗಳೇ. ಮಗಳ ಮುಖವನ್ನು ಯಾವ ತಂದೆಯೂ ನೋಡಿರದಷ್ಟು ಹತ್ತಿರದಿಂದ, ಸ್ಕ್ರೀನಿನ ಮೇಲೆ ನಾಲ್ಕು ಪಟ್ಟು ದೊಡ್ಡದು ಮಾಡಿಕೊಂಡು ನೋಡಿದ್ದವನು ನಾನು.

ಆಗ ಲೈಟ್ ಫ್ರೇಮುಗಳು ನೆನಪಾದವು.

ನನ್ನ ಕೆಲಸದಲ್ಲಿ ಒಂದು ಕ್ರಮವಿದೆ. ಗಿರಾಕಿ ಸ್ಟೂಲಿನ ಮೇಲೆ ಕೂತ ಕೂಡಲೇ, ರೆಡಿ ಎನ್ನುವುದಕ್ಕೂ ಮೊದಲು, ಲೈಟ್ ಸರಿಯಾಗಿದೆಯೇ ಎಂದು ನೋಡಲು ಒಂದೆರಡು ಫೋಟೋ ತೆಗೆಯುತ್ತೇನೆ. ಕೂತವರಿಗೆ ಅದು ಗೊತ್ತಾಗುವುದೂ ಇಲ್ಲ. ಯಾರೋ ಕಾಲರ್ ಸರಿಮಾಡಿಕೊಳ್ಳುತ್ತಿರುತ್ತಾರೆ, ಯಾರೋ ಆಕಳಿಸುತ್ತಿರುತ್ತಾರೆ. ಗಿರಾಕಿಗಳದ್ದನ್ನು ಅಳಿಸುತ್ತೇನೆ. ಮೈತ್ರಿಯದ್ದನ್ನು ಅಳಿಸುತ್ತಿರಲಿಲ್ಲ. ಏಕೆಂದರೆ ಪ್ರತಿ ವರ್ಷ ಅದೇ ಲೈಟು, ಅದೇ ನೆರಳು ಬರಬೇಕೆಂಬ ಹಟ ನನಗೆ. ಹಿಂದಿನ ವರ್ಷದ ಲೈಟ್ ಫ್ರೇಮ್ ತೆರೆದಿಟ್ಟುಕೊಂಡು ಈ ವರ್ಷ ಕೊಡೆ ಎಷ್ಟು ಓರೆಯಿರಬೇಕೆಂದು ಹೊಂದಿಸುತ್ತಿದ್ದೆ.

ಡ್ರಾಯರಿನಿಂದ ಹಳೇ ಸಿಡಿಗಳನ್ನೂ ಹಾರ್ಡ್ ಡಿಸ್ಕನ್ನೂ ತೆಗೆದೆ. ಎರಡು ಸಿಡಿ ಕೆಟ್ಟಿದ್ದವು. ಉಳಿದವುಗಳಿಂದ ಒಂದೊಂದೇ ಫೋಟೋ ತೆರೆದುಕೊಂಡಿತು. ಆರು ವರ್ಷದ ಮೈತ್ರಿ, ಹೊಸ ಫ್ರಾಕಿನ ಹುಕ್ ಹಾಕುತ್ತಿರುವ ಅಮ್ಮನ ಕಡೆ ತಿರುಗಿದ್ದಾಳೆ, ಬಾಯಿ ತೆರೆದಿದೆ. ಎಂಟು ವರ್ಷದ ಮೈತ್ರಿ ಬೇಕರಿಯ ಕಡೆ ನೋಡುತ್ತಿದ್ದಾಳೆ, ಬಾಯಿ ತೆರೆದಿದೆ, ತುಟಿ ಒಣಗಿ ಸಿಪ್ಪೆಯೆದ್ದಿದೆ. ಹತ್ತು, ಹನ್ನೊಂದು, ಹದಿಮೂರು, ಹೀಗೆ ಹದಿನೇಳರವರೆಗೆ. ಪಕ್ಕಕ್ಕೆ ತಿರುಗಿದ್ದವು, ಎದುರಿಗಿದ್ದವು. ಒಂದರಿಂದ ಇನ್ನೊಂದಕ್ಕೆ ಮುಖ ನಿಧಾನವಾಗಿ ಕೆಳಕ್ಕಿಳಿಯುತ್ತಾ, ಗದ್ದ ಹಿಂದೆ ಸರಿಯುತ್ತಾ, ಕಣ್ಣ ಕೆಳಗಿನ ಕಪ್ಪು ಹರಡುತ್ತಾ ಹೋಗುವುದು ಚಿಕ್ಕ ಮಕ್ಕಳಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಎಲ್ಲದರಲ್ಲೂ ಲೈಟು ಅಚ್ಚುಕಟ್ಟಾಗಿತ್ತು.

ಈ ಫೋಟೋಗಳನ್ನು ನಾನು ಪ್ರತಿ ವರ್ಷ ತೆರೆದು ನೋಡಿದ್ದೆ. ಮೂಗಿನ ನೆರಳು ಕೆನ್ನೆಯ ಮೇಲೆ ಎಲ್ಲಿಗೆ ಬರುತ್ತದೆ ಎಂದು ನೋಡಿದ್ದೆ. ಪರದೆಯ ನೀಲಿ ಸಾಕೇ ಎಂದು ನೋಡಿದ್ದೆ. ಮಗಳನ್ನು ನೋಡಿರಲಿಲ್ಲ.

ನಾನು ಅತ್ತೆ. ಮೌಸ್ ಹಿಡಿದುಕೊಂಡೇ, ಮೂಗೊರೆಸಿಕೊಳ್ಳದೆ ಅತ್ತೆ. ಮೈತ್ರಿ ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಅವಳು ನನ್ನ ಭುಜದ ಮೇಲಿಂದ ಬಗ್ಗಿ ಆ ಎಂಟು ವರ್ಷದ ಹುಡುಗಿಯನ್ನೇ ನೋಡುತ್ತಿದ್ದಳು. ಅವಳ ಉಸಿರು ನನ್ನ ಕಿವಿಯ ಹತ್ತಿರ, ಬಾಯಿಂದ ಬರುತ್ತಿದ್ದದ್ದು, ಬಿಸಿಯಾಗಿ ತಾಗುತ್ತಿತ್ತು.

"ಪಾಪ" ಎಂದಳು ಕೊನೆಗೆ. "ಎಷ್ಟು ಸುಸ್ತಾಗಿದಾಳೆ ನೋಡು."

ಮರುದಿನ ಆ ಫೋಟೋಗಳನ್ನು ಡಾಕ್ಟರಿಗೆ ಕಳಿಸಿದೆ. ಸಂಜೆ ಫೋನ್ ಮಾಡಿದರು. ಹದಿನಾಲ್ಕನೇ ವರ್ಷದಿಂದಾಚೆ ಹೆಚ್ಚು ಬದಲಾವಣೆಯಿಲ್ಲ, ಇದು ಕೀಲಿನ ರೋಗದಂತೆ ಕಾಣುವುದಿಲ್ಲ, ಮೊದಲು ಒಂದೂವರೆ ವರ್ಷ ಹಲ್ಲಿಗೆ ತಂತಿ, ಆಮೇಲೆ ಆಪರೇಷನ್, ಅಷ್ಟರೊಳಗೆ ಮೂಗಲ್ಲಿ ಉಸಿರಾಡುವುದನ್ನು ಕಲಿಯಬೇಕು ಎಂದರು. ಹದಿನೆಂಟು ವರ್ಷದ ಹುಡುಗಿ ಉಸಿರಾಡಲು ಕಲಿಯಬೇಕು. ಲತಾ ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನುವ ವರ್ಷಗಳಲ್ಲೆಲ್ಲ ನಾನು ಬಿಟ್ಟಿರಲಿಲ್ಲ. ಈಗ ಅವಳಿಗೆ ಬೇಕಾಗಿರಲಿಲ್ಲ.

ಡಾಕ್ಟರು ಕೇಳಿದ ಎರಡು ಫೋಟೋ ಬಾಕಿಯಿದ್ದವು. ಆ ಭಾನುವಾರವೇ ಮೈತ್ರಿಯ ಹದಿನೆಂಟನೇ ಹುಟ್ಟುಹಬ್ಬ. ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ತಲೆಸ್ನಾನ ಮಾಡಿ, ಹಸಿಗೂದಲಲ್ಲೇ ಬಂದು ಸ್ಟೂಲಿನ ಮೇಲೆ ಕೂತಳು. ನಾನು ಕೊಡೆ ತಿರುಗಿಸಿ, ಲೈಟ್ ಹಾಕಿ, ಕ್ಯಾಮೆರಾ ಎತ್ತಿದೆ.

ಎತ್ತಿದ್ದೇ ತಡ, ಅವಳ ತುಟಿಗಳು ಬಿಗಿದುಕೊಂಡವು. ಗದ್ದದ ಮೇಲೆ ಅದೇ ಗುಳಿಗಳು.

"ಬೇಡ ಮಗಳೇ. ಬಾಯಿ ಬಿಡು. ಸುಮ್ನೆ ಕೂತ್ಕೊ."

ಬಿಟ್ಟಳು. ಮತ್ತೆ ಕ್ಯಾಮೆರಾ ಎತ್ತಿದೆ. ಮತ್ತೆ ಬಾಯಿ ಮುಚ್ಚಿತು. ಮೂರು ಸಲ, ನಾಲ್ಕು ಸಲ ಹೀಗೆಯೇ ಆಯಿತು. ಐದನೇ ಸಲಕ್ಕೆ ಅವಳ ಕಣ್ಣಲ್ಲಿ ನೀರು ಬಂತು. "ಬೇಕು ಅಂತ ಮಾಡ್ತಿಲ್ಲಪ್ಪ. ಕ್ಯಾಮೆರಾ ಕಂಡ್ರೆ ತಾನೇ ಮುಚ್ಕೊಳತ್ತೆ. ನಿನ್ನ ಮುಖ ಅದರ ಹಿಂದೆ ಹೋದ ಕೂಡ್ಲೇ."

ನನ್ನ ಮಗಳಿಗೆ ನಾನು ಕಲಿಸಿದ್ದರಲ್ಲಿ ಅವಳು ಇಷ್ಟು ಚೆನ್ನಾಗಿ ಕಲಿತದ್ದು ಇದೊಂದೇ.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೆ. ಉದ್ದನೆ ಕೇಬಲ್ ಹಾಕಿ ಬಟನ್ನನ್ನು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಸ್ಟೂಲ್ ಎಳೆದು ಅವಳ ಎದುರು ಕೂತೆ. ಈ ಅಂಗಡಿಯಲ್ಲಿ ನಾನು ಯಾರ ಎದುರೂ ಹಾಗೆ ಕೂತಿರಲಿಲ್ಲ. ಇಬ್ಬರ ನಡುವೆ ಏನೂ ಇರಲಿಲ್ಲ. ಸುಮ್ಮನೆ ಅವಳ ಮುಖ ನೋಡಿದೆ. ಹಣೆ ಅವಳಮ್ಮನದು. ಉದ್ದನೆ ಕೆನ್ನೆ. ಗಿಡ್ಡ ಮೇಲ್ತುಟಿ, ಅದರ ಕೆಳಗೆ ಇಣುಕುವ ಎರಡು ಹಲ್ಲು. ಸೋತು ಹಿಂದೆ ನಿಂತಂತಿದ್ದ ಗದ್ದ. ಅವಳೂ ನನ್ನನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಭುಜ ಇಳಿಯಿತು. ತುಟಿಗಳು ಬೇರೆಯಾದವು. ಉಸಿರು ಒಳಗೆ ಹೋಗುವುದು ಕೇಳಿಸಿತು.

ಬಟನ್ ಒತ್ತಿದೆ. ಆಮೇಲೆ ಅವಳನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಿ ಇನ್ನೊಂದು.

ಇಬ್ಬರೂ ಸ್ಕ್ರೀನಿನ ಮುಂದೆ ನಿಂತು ನೋಡಿದೆವು. ನನ್ನ ಕೈ ಹಳೇ ರೂಢಿಯಂತೆ ಮೌಸಿನ ಮೇಲೆ ಹೋಗಿ ಕೂತಿತು. ಮೈತ್ರಿ ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟಳು. ಒತ್ತಲಿಲ್ಲ, ತೆಗೆಯಲೂ ಇಲ್ಲ.

"ಒಂದು ಪ್ರಿಂಟ್ ಹಾಕು" ಎಂದಳು. "ಹದಿನೆಂಟನೇದು."

ಹಾಗೆಯೇ ಹಾಕಿದೆ. ಫ್ರೇಮ್ ಕಟ್ಟಿ ಹದಿನೇಳನೆಯದರ ಪಕ್ಕ ಮೊಳೆ ಹೊಡೆದೆ. ಈಗ ಅಂಗಡಿಗೆ ಬಂದ ಹೆಂಗಸರು ಸಾಲಾಗಿ ನೋಡುತ್ತಾ ಬಂದು ಕೊನೆಯದರ ಹತ್ತಿರ ತಡೆದು ನಿಲ್ಲುತ್ತಾರೆ. "ಇದ್ಯಾರು ಸಾರ್?" ಎಂದು ಕೇಳುತ್ತಾರೆ. ನಾನು ಕೆಲಸ ಬಿಟ್ಟು, ತಲೆ ಎತ್ತಿ ಹೇಳುತ್ತೇನೆ: "ಅದೇ ನನ್ನ ಮಗಳು. ನಡುವಿನ ಹನ್ನೆರಡು ನಾನು ಮಾಡಿದ್ದು."